ಮಿಡಿ ನೀರು ಬಿಡುತ್ತದೆ, ಬೀಟ್‌ರೂಟ್ ಬಣ್ಣ ಯಾಕೆ ಬಿಡುವುದಿಲ್ಲ?

ಹಿತ್ತಲಮನೆ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು. ಜೀವಕೋಶದ ಪಾಠ ನಡೆಯುತ್ತಿದೆ. "ಕೋಶಪೊರೆ ಕೆಲವು ವಸ್ತುಗಳನ್ನು ಬಿಡುತ್ತದೆ, ಕೆಲವನ್ನು ಬಿಡುವುದಿಲ್ಲ" ಅಂತ ಬಾಯಿಪಾಠ ಮಾಡುತ್ತಿದ್ದಳು. ಯಾವುದನ್ನು ಬಿಡಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. "ಪರೀಕ್ಷೆಗೆ ಇಷ್ಟು ಸಾಕಮ್ಮ" ಅಂದಳು. ನನಗೆ ಸಾಕಾಗಲಿಲ್ಲ.

ನಾನು ಕಾಮರ್ಸ್ ಓದಿದವಳು. ಆದರೆ ಇಪ್ಪತ್ತು ವರ್ಷದಿಂದ ಅಡುಗೆಮನೆಯಲ್ಲಿ ಕಂಡ ಮೂರು ವಿಷಯ ಈ ಪಾಠಕ್ಕೆ ಸೇರಿದವು ಅನ್ನಿಸುತ್ತಿದೆ.

ಒಂದು, ಮಿಡಿ ಉಪ್ಪಿನಕಾಯಿ. ಜಾಡಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕಿ ಮುಚ್ಚಿಡುತ್ತೇವೆ. ಒಂದು ತೊಟ್ಟು ನೀರು ಹಾಕಿರುವುದಿಲ್ಲ. ಮೂರು ದಿನಕ್ಕೆ ಜಾಡಿ ತುಂಬ ನೀರು. ಮಿಡಿ ಮುರುಟಿ ಸಣ್ಣಗಾಗಿರುತ್ತದೆ.

ಇನ್ನೊಂದು, ಬೀಟ್‌ರೂಟ್. ಹೆಚ್ಚಿ ನೀರಿಗೆ ಹಾಕಿದರೆ ಮೊದಲ ನೀರು ಕೆಂಪು. ಎರಡನೇ ಸಲ ತೊಳೆದರೆ ಕಡಿಮೆ. ಮೂರನೇ ಸಲಕ್ಕೆ ನೀರು ಹೆಚ್ಚುಕಡಿಮೆ ತಿಳಿ. ಅಷ್ಟೊಂದು ಬಣ್ಣ ಒಳಗಿದ್ದೂ ಹೊರಗೆ ಬರುವುದಿಲ್ಲ. ಅದನ್ನೇ ಕುದಿಯುವ ನೀರಿಗೆ ಹಾಕಿ ನೋಡಿ, ಎರಡು ನಿಮಿಷಕ್ಕೆ ಪಾತ್ರೆಯೆಲ್ಲ ರಕ್ತದ ಬಣ್ಣ.

ಮೂರನೆಯದು ಹೋದ ತಿಂಗಳು ಆಗಿದ್ದು. ನೆಂಟರು ಬರುತ್ತಾರೆ ಅಂತ ಹಿಂದಿನ ದಿನವೇ ಬೀಟ್‌ರೂಟ್ ಹೆಚ್ಚಿ ಫ್ರೀಜರ್‌ನಲ್ಲಿಟ್ಟೆ. ಬೆಳಿಗ್ಗೆ ತೆಗೆದು ಕರಗಲು ಬಿಟ್ಟರೆ ಡಬ್ಬಿಯಲ್ಲಿ ಅರ್ಧ ಕೆಂಪು ನೀರು. ಹೋಳುಗಳು ನೆನೆದ ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಬೇಯಿಸಿಯೇ ಇರಲಿಲ್ಲ!

ಮಿಡಿಯಿಂದ ನೀರು ಬರಬಹುದಾದರೆ, ಬೀಟ್‌ರೂಟಿನಿಂದ ಬಣ್ಣ ಯಾಕೆ ಬರಬಾರದು? ಎರಡಕ್ಕೂ ಇರುವುದು ಅದೇ ಪೊರೆ ಅಲ್ವಾ? ಮಂಜುಗಡ್ಡೆ ಏನು ಮಾಡಿತು? ಗೊತ್ತಿದ್ದವರು ಬಿಡಿಸಿ ಹೇಳಿ. ಮಗಳಿಗೂ ಓದಿಸುತ್ತೇನೆ.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು:

ಮೇಡಂ, 31 ವರ್ಷ ಪಿಯು ಕಾಲೇಜಿನಲ್ಲಿ ಇದನ್ನೇ ಪಾಠ ಮಾಡಿದ್ದೇನೆ. ಮಿಡಿ ಮತ್ತು ಬೀಟ್‌ರೂಟನ್ನು ಹೀಗೆ ಪಕ್ಕಪಕ್ಕ ಇಟ್ಟು ಯಾರೂ ಕೇಳಿರಲಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನದಿಂದ ಓದಿ.

ಮೊದಲು ಕಣ್ಣಿಗೆ ಕಾಣುವುದನ್ನು ಹೇಳುತ್ತೇನೆ. ನಮ್ಮ ಕಾಲೇಜಿನ ವರಾಂಡದಲ್ಲಿ ಕುಂಡಗಳಲ್ಲಿ ರಿಯೋ ಗಿಡ ಇತ್ತು. ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ನೇರಳೆ. ಆ ನೇರಳೆ ಸಿಪ್ಪೆಯನ್ನು ತೆಳ್ಳಗೆ ಎಳೆದು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ನೇರಳೆ ಬಣ್ಣದ ಹೆಂಚುಗಳನ್ನು ಜೋಡಿಸಿದ ಹಾಗೆ ಕೋಶಗಳು. ಒಂದು ಅಂಚಿನಲ್ಲಿ ಉಪ್ಪು ನೀರು ಬಿಟ್ಟು, ಇನ್ನೊಂದು ಅಂಚಿನಿಂದ ಹೀರುಕಾಗದದಲ್ಲಿ ಎಳೆದರೆ ಕೆಲವೇ ನಿಮಿಷದಲ್ಲಿ ನೇರಳೆ ಭಾಗ ಗೋಡೆ ಬಿಟ್ಟು ಮಧ್ಯಕ್ಕೆ ಸರಿದು ಕುಗ್ಗುತ್ತದೆ. ಕುಗ್ಗಿದಷ್ಟೂ ಬಣ್ಣ ಗಾಢವಾಗುತ್ತದೆ. ನೀರು ಹೋಯಿತು, ಬಣ್ಣ ಒಳಗೇ ಉಳಿಯಿತು. ನಿಮ್ಮ ಪ್ರಶ್ನೆ ಪೂರ್ತಿ ಅಲ್ಲೇ ಇದೆ.

ಒಂದು ವರ್ಷ ಒಬ್ಬ ಹುಡುಗಿ, "ಸರ್, ಈಗ ಬರೀ ನೀರು ಹಾಕಿದರೆ?" ಅಂದಳು. ಹಾಕಿದೆವು. ಬೆಲ್ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ. ನೇರಳೆ ಮೆಲ್ಲಗೆ ಉಬ್ಬಿ ಮತ್ತೆ ಗೋಡೆಗೆ ಹೋಗಿ ತಾಗಿತು. ಅಂದರೆ ಕೋಶ ಬದುಕಿತ್ತು. ಎಲೆಯನ್ನು ಮೊದಲೇ ಕುದಿಸಿದ್ದರೆ ಈ ಆಟ ನಡೆಯುವುದೇ ಇಲ್ಲ. ನಿಮ್ಮ ಮಗಳ ಪುಸ್ತಕದಲ್ಲೂ ಕುದಿಸಿದ ಎಲೆಯ ಈ ಪ್ರಯೋಗ ಇದೆ, ಹುಡುಕಲು ಹೇಳಿ.

ಈಗ ಪೊರೆ ಅಂದರೆ ಏನು? ಜಿಡ್ಡಿನ ಒಂದು ತೆಳು ಪದರ. ದಪ್ಪ ಸುಮಾರು 5 ನ್ಯಾನೋಮೀಟರ್. 2 ಲಕ್ಷ ಪೊರೆ ಒಂದರ ಮೇಲೊಂದು ಪೇರಿಸಿದರೆ 1 ಮಿಲಿಮೀಟರ್ ಆಗುತ್ತದೆ. ಅದರ ಅಣುಗಳಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಆಗದು. ಹಾಗಾಗಿ ಅವು ಎರಡು ಸಾಲಾಗಿ ನಿಲ್ಲುತ್ತವೆ. ತಲೆಗಳು ಹೊರಗಿನ ನೀರಿಗೂ ಒಳಗಿನ ನೀರಿಗೂ ಮುಖ ಮಾಡುತ್ತವೆ, ಬಾಲಗಳು ಮಧ್ಯದಲ್ಲಿ ಒಂದಕ್ಕೊಂದು ಎದುರಾಗಿ ಅಡಗುತ್ತವೆ. ಯಾರೂ ಜೋಡಿಸಬೇಕಾಗಿಲ್ಲ, ನೀರಿನಲ್ಲಿ ಬಿಟ್ಟರೆ ತಾವಾಗಿಯೇ ಹೀಗೆ ಸೇರಿಕೊಳ್ಳುತ್ತವೆ.

ಇದು ಎರಡು ಸಾಲು ಅಂತ ಗೊತ್ತಾದ ಕತೆ ನನಗೆ ತುಂಬಾ ಇಷ್ಟ. ಅದು ಶುರುವಾಗಿದ್ದೇ ಒಂದು ಅಡುಗೆಮನೆಯಲ್ಲಿ. ಜರ್ಮನಿಯ ಆಗ್ನೆಸ್ ಪೋಕೆಲ್ಸ್ ಅಂತ ಒಬ್ಬ ಹೆಣ್ಣುಮಗಳು. ಆ ಕಾಲಕ್ಕೆ ಹೆಂಗಸರಿಗೆ ವಿಶ್ವವಿದ್ಯಾಲಯದಲ್ಲಿ ಜಾಗ ಇರಲಿಲ್ಲ. ಮನೆಯಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಾ, ತಗಡಿನ ಒಂದು ಚಿಕ್ಕ ತೊಟ್ಟಿಯಲ್ಲಿ ನೀರು ತುಂಬಿ, ಅದರ ಮೇಲೆ ಜಿಡ್ಡು ಹೇಗೆ ಹರಡುತ್ತದೆ ಅಂತ ವರ್ಷಗಟ್ಟಲೆ ಅಳೆದರು. 1891ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀಗೆ ಪತ್ರ ಬರೆದರು. ರೇಲೀ ಅದನ್ನು ನೇಚರ್ ಅನ್ನುವ ವಿಜ್ಞಾನ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದರು. ಆಮೇಲೆ ಅದೇ ದಾರಿಯಲ್ಲಿ, 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಜಿಡ್ಡು ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಆ ಕಣಗಳ ಮೈಯ ಅಳತೆಯ ಸುಮಾರು ಎರಡರಷ್ಟು ಜಾಗ ತೆಗೆದುಕೊಂಡಿತು. ಹಾಗಾದರೆ ಪೊರೆಯಲ್ಲಿ ಎರಡು ಪದರ ಇರಬೇಕು ಅಂದರು. ಅವರ ಲೆಕ್ಕದಲ್ಲಿ ಎರಡು ತಪ್ಪಿದ್ದವು. ಜಿಡ್ಡನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೈಯನ್ನೂ ಕಡಿಮೆ ಅಳೆದಿದ್ದರು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ಉತ್ತರ ಸರಿ ಬಂತು.

ಈಗ ಬೀಟ್‌ರೂಟಿಗೆ ಬರೋಣ. ಅದರ ಕೆಂಪು ಬಣ್ಣ ಬೀಟಾನಿನ್. ಅದು ದೊಡ್ಡ ಅಣು, ನೀರಿನಲ್ಲಿ ಕರಗುವಂಥದ್ದು, ಮೈಮೇಲೆ ವಿದ್ಯುತ್ ಆವೇಶ ಇರುವಂಥದ್ದು. ಜಿಡ್ಡಿನ ಮಧ್ಯೆ ಅದಕ್ಕೆ ದಾರಿಯಿಲ್ಲ. ಅದು ಇರುವುದು ಕೋಶದ ಒಳಗಿನ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿ. ರಸದಾನಿಗೂ ತನ್ನದೇ ಪೊರೆ ಇದೆ. ಹೊರಗೆ ಬರಬೇಕಾದರೆ ಎರಡು ಪೊರೆ ದಾಟಬೇಕು. ನಿಮ್ಮ ಮೊದಲ ನೀರು ಕೆಂಪಾಗಿದ್ದು ಚಾಕು ಕೊಯ್ದ ಕೋಶಗಳಿಂದ. ಕೊಯ್ಯದ ಕೋಶಗಳು ಬಿಡಲಿಲ್ಲ.

ನೀರಿನ ಅಣು ಚಿಕ್ಕದು, ಜಿಡ್ಡಿನ ಮೂಲಕವೂ ಸ್ವಲ್ಪ ಸ್ವಲ್ಪ ನುಸುಳುತ್ತದೆ. ಆದರೆ ಅದಕ್ಕೇ ಅಂತ ಬೇರೆ ಬಾಗಿಲುಗಳೂ ಇವೆ, ಅಕ್ವಾಪೋರಿನ್ ಅನ್ನುವ ಪ್ರೋಟೀನ್. ಒಂದು ಬಾಗಿಲಿನಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣು ಒಂದೇ ಸಾಲಿನಲ್ಲಿ ದಾಟುತ್ತವೆ. 1992ರಲ್ಲಿ ಅಮೆರಿಕದ ಪೀಟರ್ ಆಗ್ರೆ ತಂಡ ಈ ಪ್ರೋಟೀನನ್ನು ಕಪ್ಪೆಯ ಮೊಟ್ಟೆಕೋಶದಲ್ಲಿ ತಯಾರಾಗುವಂತೆ ಮಾಡಿ, ಉಪ್ಪು ಕಡಿಮೆಯಿರುವ ನೀರಿಗೆ ಹಾಕಿತು. ಆ ಮೊಟ್ಟೆಗಳು ಊದಿ ಒಡೆದವು. ಪಕ್ಕದಲ್ಲಿದ್ದ ಸಾಮಾನ್ಯ ಮೊಟ್ಟೆಗಳು ಹಾಗೇ ಇದ್ದವು. 2003ರಲ್ಲಿ ಆಗ್ರೆಗೆ ನೊಬೆಲ್ ಬಂತು. ನಿಮ್ಮ ಮಗಳಿಗೆ ಹೀಗೆ ಹೇಳಿ: ಪೊರೆಗೆ ಏನೂ ಗೊತ್ತಾಗಬೇಕಾಗಿಲ್ಲ. ಜಿಡ್ಡಿನಲ್ಲಿ ಕರಗುವುದು ಹಾಗೇ ದಾಟುತ್ತದೆ. ಉಳಿದದ್ದಕ್ಕೆ ಅದರ ಅಳತೆಯ ಬಾಗಿಲು ಬೇಕು. ಬೀಟ್‌ರೂಟಿನ ಬಣ್ಣಕ್ಕೆ ಹೊರಬರುವ ಬಾಗಿಲು ಇಲ್ಲ.

ಬಿಸಿ ತಾಗಿದರೆ ಪ್ರೋಟೀನ್ ಆಕಾರ ಕೆಡುತ್ತದೆ, ಜಿಡ್ಡಿನ ಸಾಲು ಚದುರುತ್ತದೆ. ಫ್ರೀಜರ್‌ನಲ್ಲಿ ನೀರು ನಿಧಾನವಾಗಿ ದೊಡ್ಡ ಹರಳುಗಳಾಗಿ ಗಟ್ಟಿಯಾಗಿ ಪೊರೆಯನ್ನು ಹರಿದುಹಾಕುತ್ತದೆ. ಗಟ್ಟಿಯಾಗಿ ಇರುವವರೆಗೆ ಏನೂ ಕಾಣುವುದಿಲ್ಲ. ಕರಗಿದಾಗ ಬಣ್ಣವೆಲ್ಲ ಹರಿದು ಬರುತ್ತದೆ. ನೀವು ಡಬ್ಬಿಯಲ್ಲಿ ಕಂಡದ್ದು ಅದನ್ನೇ.

ಸಾಗರದ ಉಪ್ಪಿನಕಾಯಿ:

ಮೇಷ್ಟ್ರೇ, ತುಂಬಾ ಚೆನ್ನಾಗಿ ಹೇಳಿದ್ದೀರಿ. ಆದರೆ ಮಿಡಿ ವಿಷಯದಲ್ಲಿ ನನ್ನದೊಂದು ತಕರಾರಿದೆ. ನಾನು ಪ್ರತಿ ವರ್ಷ ಅಪ್ಪೆಮಿಡಿ ಹಾಕುವವಳು. ಜಾಡಿಯಲ್ಲಿ ಬರುವುದು ಬರೀ ನೀರಲ್ಲ. ನಾಲಿಗೆಗೆ ಹಚ್ಚಿದರೆ ಹುಳಿ. ಸೊನೆಯ ಪರಿಮಳ ಇರುತ್ತದೆ. ಆ ಪರಿಮಳಕ್ಕಾಗಿಯೇ ಆ ನೀರನ್ನು ನಾವು ಚೆಲ್ಲುವುದಿಲ್ಲ, ಕುದಿಸಿ ಆರಿಸಿ ಅದರಲ್ಲೇ ಸಾಸಿವೆ ಖಾರ ರುಬ್ಬುತ್ತೇವೆ. ನೀರು ಮಾತ್ರ ಹೊರಗೆ ಬಂದು ಉಳಿದದ್ದು ಒಳಗೇ ಇರುವುದಾದರೆ ಹುಳಿ ಎಲ್ಲಿಂದ ಬಂತು? ಉಪ್ಪು ಮಿಡಿಯ ಒಳಗೆ ಹೇಗೆ ಹೋಯಿತು? ಕಚ್ಚಿದರೆ ವಾಟೆಯವರೆಗೂ ಉಪ್ಪೇ.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು:

ನೀವು ಹೇಳಿದ್ದು ಸರಿ ತಾಯಿ. ನಾನು ಅರ್ಧ ಕತೆ ಮಾತ್ರ ಹೇಳಿದ್ದೆ.

ಮೊದಲ ಕೆಲವು ಗಂಟೆ ಮಿಡಿಯ ಕೋಶಗಳು ಬದುಕಿರುತ್ತವೆ. ಆಗ ಬರುವುದು ಹೆಚ್ಚಾಗಿ ನೀರು. ಆದರೆ ನಿಮ್ಮ ಜಾಡಿಯ ಉಪ್ಪು ಸಾಧಾರಣದ್ದಲ್ಲ. ಕಲ್ಲುಪ್ಪು ಇನ್ನೂ ಕರಗದೆ ತಳದಲ್ಲಿ ಉಳಿದಿದೆ ಅಂದರೆ, 100 ಗ್ರಾಂ ನೀರಿಗೆ ಸುಮಾರು 36 ಗ್ರಾಂ ಉಪ್ಪು ಕರಗಿದೆ ಅಂತ ಅರ್ಥ. ಅಷ್ಟು ಉಪ್ಪಿನಲ್ಲಿ ಕೋಶ ಬಹಳ ಹೊತ್ತು ಬದುಕುವುದಿಲ್ಲ. ಸತ್ತ ಮೇಲೆ ಪೊರೆ ಕಾವಲು ಕಾಯುವುದಿಲ್ಲ. ಉಪ್ಪು ಒಳಗೆ ನುಗ್ಗುತ್ತದೆ, ಹುಳಿ ಹೊರಗೆ ಬರುತ್ತದೆ. ಸೊನೆ ಮಾತ್ರ ಬೇರೆ. ಅದು ಸಿಪ್ಪೆಯ ಹತ್ತಿರದ ನಾಳಗಳಲ್ಲಿ ಇರುವಂಥದ್ದು, ಅಲ್ಲಿಂದ ಹೊರಬರುತ್ತದೆ.

ಉಪ್ಪು ಹಿಡಿಯಿತು ಅಂತ ನೀವು ಹೇಳುತ್ತೀರಲ್ಲ, ಅದು ಪೊರೆ ಸೋತ ಮೇಲಿನ ಮಾತು. ಮಿಡಿ ಕೆಡದೆ ಇರುವುದಕ್ಕೂ ಇದೇ ಕಾರಣ. ಬೂಷ್ಟು, ಬ್ಯಾಕ್ಟೀರಿಯಾ ಜಾಡಿಗೆ ಬಿದ್ದರೆ ಅವುಗಳ ಕೋಶದ ನೀರನ್ನೂ ಆ ಉಪ್ಪು ಎಳೆದುಬಿಡುತ್ತದೆ.

ರಾತ್ರಿಪಾಳಿ, ಸ್ಟಾಫ್ ನರ್ಸ್:

ಮೇಷ್ಟ್ರ ಮಾತಿಗೆ ನನ್ನದೊಂದು ಚಿಕ್ಕ ಸೇರಿಕೆ. ನಾವು ಹಾಕುವ ಡ್ರಿಪ್ ಬಾಟಲಿ ಮೇಲೆ 0.9% ಅಂತ ಬರೆದಿರುತ್ತದೆ, 100 ಮಿಲಿಗೆ 0.9 ಗ್ರಾಂ ಉಪ್ಪು. ನಿಮ್ಮ ಜಾಡಿಯಲ್ಲಿರುವುದು ಅದರ ಸುಮಾರು 40 ಪಟ್ಟು! ನೀರು ಅಷ್ಟೇ ಅಲ್ವಾ, ಬರೀ ಶುದ್ಧ ನೀರೇ ಏರಿಸಬಹುದಲ್ಲ ಅಂತ ರೋಗಿಯ ಕಡೆಯವರು ಕೇಳುವುದುಂಟು. ಏರಿಸಿದರೆ ಕೆಂಪು ರಕ್ತಕಣಗಳು ನೀರು ಕುಡಿದು ಒಡೆಯುತ್ತವೆ. ಗಿಡದ ಕೋಶಕ್ಕೆ ಪೊರೆಯ ಹೊರಗೆ ಗಟ್ಟಿ ಗೋಡೆ ಇದೆ, ಅದು ಊದಿದರೂ ತಡೆಯುತ್ತದೆ. ರಕ್ತಕಣಕ್ಕೆ ಇರುವುದು ಪೊರೆ ಒಂದೇ.

ಓಆರ್‌ಎಸ್ ಪುಡಿಯಲ್ಲಿ ಉಪ್ಪಿನ ಜೊತೆ ಗ್ಲೂಕೋಸ್ ಇರುವುದಕ್ಕೂ ಪೊರೆಯ ಬಾಗಿಲೇ ಕಾರಣ. ಕರುಳಿನ ಕೋಶದ ಒಂದು ಬಾಗಿಲು ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಒಟ್ಟಿಗೆ ಬಂದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಅವು ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ. ಭೇದಿ ಎಷ್ಟೇ ಇದ್ದರೂ ಈ ಬಾಗಿಲು ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಿಗೆ ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಮುಗಿದಾಗ, ಡಾ. ದಿಲೀಪ್ ಮಹಲನೋಬಿಸ್ ಈ ಉಪ್ಪು-ಗ್ಲೂಕೋಸ್ ನೀರನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ದಯವಿಟ್ಟು ಎಲ್ಲರೂ ಒಂದು ಮಾತು ನೆನಪಿಡಿ. ಪ್ಯಾಕೆಟ್ ಮೇಲೆ ಒಂದು ಲೀಟರ್ ಅಂತ ಬರೆದಿದ್ದರೆ ಒಂದು ಲೀಟರ್ ನೀರಿಗೇ ಹಾಕಿ. ಒಂದು ಲೋಟಕ್ಕೆ ಪೂರ್ತಿ ಪ್ಯಾಕೆಟ್ ಸುರಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ಮಿಡಿಗೆ ಆದದ್ದೇ ಆಗುತ್ತದೆ, ಕೋಶಗಳಿಂದ ನೀರು ಹೊರಗೆ ಬರುತ್ತದೆ.

ಹಿತ್ತಲಮನೆ, ದಾವಣಗೆರೆ:

ಎಲ್ಲರಿಗೂ ಕೈಮುಗಿದೆ. ಮೇಷ್ಟ್ರೇ, ನಿಮ್ಮ ಉತ್ತರವನ್ನು ಮಗಳು ಎರಡು ಸಲ ಓದಿದಳು. ಭಾನುವಾರ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಮಾಡಿ ನೋಡಿದೆವು.

ಒಂದು ಬೀಟ್‌ರೂಟನ್ನು ಒಂದೇ ಅಳತೆಯ ಚೌಕ ಹೋಳು ಮಾಡಿ, ನೀರು ತಿಳಿಯಾಗುವವರೆಗೆ ತೊಳೆದೆವು. ನಾಲ್ಕು ಗಾಜಿನ ಲೋಟ. ತಣ್ಣೀರು, ಕುದಿದ ನೀರು, ಗಾಯಕ್ಕೆ ಹಚ್ಚುವ ಸ್ಪಿರಿಟ್, ಎರಡು ಚಮಚ ಉಪ್ಪು ಹಾಕಿದ ನೀರು. ಅರ್ಧ ಗಂಟೆಗೆ ಕುದಿದ ನೀರು ಕಡುಗೆಂಪು. ಸ್ಪಿರಿಟ್ ಕೂಡ ಕೆಂಪು, ಅದು ತಣ್ಣಗೇ ಇತ್ತು! ತಣ್ಣೀರು ತೀರಾ ತಿಳಿ ಗುಲಾಬಿ. ಉಪ್ಪಿನ ಲೋಟದಲ್ಲಿ ಬಣ್ಣ ಜಾಸ್ತಿ ಬರಲಿಲ್ಲ, ಆದರೆ ಹೋಳು ಬಾಡಿತ್ತು, ಬೆರಳಲ್ಲಿ ಬಾಗಿಸಿದರೆ ಬಾಗುತ್ತಿತ್ತು. ಆ ಹುಡುಗಿ ಕೇಳಿದ್ದನ್ನು ನೆನೆದು ಇವಳು ಅದನ್ನು ಬರೀ ನೀರಿಗೆ ಹಾಕಿದಳು. ಊಟ ಮುಗಿಸಿ ಬಂದು ನೋಡಿದರೆ ಮತ್ತೆ ಬಿಗಿಯಾಗಿತ್ತು. ಮುರಿದರೆ ಟಕ್ ಅಂತು. ಅವಳ ಮುಖ ನೋಡಬೇಕಿತ್ತು.

ಅವಳದೇ ಎರಡು ಪ್ರಶ್ನೆ ಕೇಳಲು ಹೇಳಿದ್ದಾಳೆ. ಫ್ರಿಜ್‌ನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದೂ ಪೊರೆಯಿಂದಲೇನಾ? ಅಲ್ಲಿ ಮಂಜುಗಡ್ಡೆ ಆಗಿರುವುದಿಲ್ಲವಲ್ಲ. ಇನ್ನೊಂದು, ರಿಯೋ ಗಿಡ ಎಲ್ಲಿ ಸಿಗುತ್ತದೆ?

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು:

ಮಗುವಿಗೆ ನನ್ನ ಆಶೀರ್ವಾದ ಹೇಳಿ. ಸ್ಪಿರಿಟ್ ಇಡಬೇಕು ಅಂತ ನಾನು ಹೇಳಿರಲಿಲ್ಲ, ನೀವೇ ಯೋಚಿಸಿದಿರಿ. ಸ್ಪಿರಿಟ್ ಜಿಡ್ಡಿನ ಸಾಲನ್ನು ಸಡಿಲಿಸುತ್ತದೆ, ಅದಕ್ಕೇ ಬಿಸಿ ಇಲ್ಲದೆಯೂ ಬಣ್ಣ ಬಂತು.

ಬಾಳೆಹಣ್ಣೂ ಪೊರೆಯ ವಿಷಯವೇ. ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಅಷ್ಟು ಬೇಗ ಆಗುವುದಿಲ್ಲ ಅಲ್ವಾ? ಪೊರೆಯ ಜಿಡ್ಡಿನಲ್ಲೂ ಹಾಗೆ. ಬಾಲ ನೆಟ್ಟಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ, ಬಾಲ ಸೊಟ್ಟಗಿದ್ದರೆ ಚಳಿಯಲ್ಲೂ ಸಡಿಲವಾಗಿರುತ್ತದೆ. ಬಾಳೆ ಬೆಚ್ಚಗಿನ ನಾಡಿನ ಗಿಡ. ಸುಮಾರು 13 ಡಿಗ್ರಿಗಿಂತ ಕೆಳಗೆ ಹೋದರೆ ಅದರ ಪೊರೆ ಬಿಗಿದು ಸೋರಲು ಶುರುವಾಗುತ್ತದೆ. ಬೇರೆ ಬೇರೆ ಕೋಣೆಗಳಲ್ಲಿದ್ದ ಕಿಣ್ವ ಮತ್ತು ಫೀನಾಲ್ ಅನ್ನುವ ರಾಸಾಯನಿಕ ಬೆರೆತು ಸಿಪ್ಪೆ ಕಪ್ಪಾಗುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದೂ ಇದೇ ಬೆರಕೆಯಿಂದ, ಅಲ್ಲಿ ಪೊರೆ ಒಡೆಯುವುದು ಚಾಕು. ಪೊರೆ ಅಂದರೆ ನಿಂತ ಗೋಡೆಯಲ್ಲ, ಅದರ ಅಣುಗಳು ಸದಾ ಓಡಾಡುತ್ತಿರುತ್ತವೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಅವರ ತಂಡ ಈ ಓಡಾಟದ ಮಧ್ಯೆ ಕೆಲವು ಪ್ರೋಟೀನ್‌ಗಳು ಹೇಗೆ ಚಿಕ್ಕ ಗುಂಪುಗಳಾಗಿ ಸೇರುತ್ತವೆ ಅಂತ ವರ್ಷಗಟ್ಟಲೆ ನೋಡಿದೆ. ಮಗಳು ದೊಡ್ಡವಳಾದ ಮೇಲೆ ಅದನ್ನೂ ಓದಲಿ.

ರಿಯೋ ಗಿಡ ನರ್ಸರಿಯಲ್ಲಿ ಸಿಗುತ್ತದೆ. ಪಾರ್ಕಿನ ಅಂಚಿನಲ್ಲೂ ಸಾಲಾಗಿ ನೆಟ್ಟಿರುತ್ತಾರೆ. ಕತ್ತಿಯ ಹಾಗೆ ಉದ್ದ ಎಲೆ, ಬುಡದಲ್ಲಿ ದೋಣಿಯಾಕಾರದ ಹೊದಿಕೆಯೊಳಗೆ ಚಿಕ್ಕ ಬಿಳಿ ಹೂವು. ಕೆಳಗಿನ ನೇರಳೆ ಸಿಪ್ಪೆಯನ್ನೇ ತೆಗೆಯಲಿ, ಮೇಲಿನದು ಬೇಡ. ರಸ ತಾಗಿದರೆ ಕೆಲವರಿಗೆ ತುರಿಕೆ ಆಗುತ್ತದೆ, ಮುಗಿದ ಕೂಡಲೇ ಕೈ ತೊಳೆಯಲು ಹೇಳಿ.