‘ಇನ್ನೂ ಬಾಡಿಗೆ ಮನೇನಾ?’ ಅಂದಾಗ ನೀವು ಏನು ಮಾಡಿದಿರಿ?

ಪ್ರಶ್ನೆ: ವಯಸ್ಸು 36. ಬೆಂಗಳೂರಿನಲ್ಲಿ ಬಾಡಿಗೆ ಮನೆ. ಸಂಬಳ ಸಾಲುತ್ತದೆ, ಸಾಲವಿಲ್ಲ, ಮನೆಯಲ್ಲಿ ಜಗಳವೂ ಇಲ್ಲ. ಆದರೂ ನೆಂಟರ ಗೃಹಪ್ರವೇಶಕ್ಕೆ ಹೋಗಿ ಬಂದರೆ ವಾರವೆಲ್ಲ ಮನಸ್ಸು ಕೆಟ್ಟಿರುತ್ತದೆ. ಉಪದೇಶ ಬೇಡ, ನಿಮ್ಮ ಅನುಭವ ಹೇಳಿ.

ಹಾಸನದಿಂದ: ಈ ಪ್ರಶ್ನೆಗೆ ಹೆದರಿಯೇ ನಾನು ಫ್ಲಾಟ್ ತೆಗೆದುಕೊಂಡೆ. 50 ಲಕ್ಷ ಸಾಲ, 20 ವರ್ಷ, ಶೇ. 8.5 ಬಡ್ಡಿ. ತಿಂಗಳಿಗೆ 43 ಸಾವಿರದ ಮೇಲೆ ಕಂತು. ಒಟ್ಟು ಕೂಡಿಸಿದರೆ 1 ಕೋಟಿ 4 ಲಕ್ಷ! ಅದೇ ಕಟ್ಟಡದಲ್ಲಿ 18 ಸಾವಿರಕ್ಕೆ ಬಾಡಿಗೆ ಸಿಗುತ್ತಿತ್ತು. ಮ್ಯಾನೇಜರ್ ಎಷ್ಟು ಬೈದರೂ ಕೆಲಸ ಬಿಡುವ ಹಾಗಿರಲಿಲ್ಲ, ಕಂತು ಇತ್ತಲ್ಲ. ಗೃಹಪ್ರವೇಶದಲ್ಲಿ ಹೊಗಳಿದವರು ಮುಂದಿನ ತಿಂಗಳೇ ‘ಕಾರು ಯಾವಾಗ?’ ಅಂದರು.

ತೀರ್ಥಹಳ್ಳಿ ಕಡೆಯಿಂದ: ನಾನು ಇಂಥ ಮಾತು ಕೇಳಿದ್ದು ಮನೆಗಲ್ಲ, ಮದುವೆಗೆ. ನಮ್ಮದು ಮಂತ್ರಮಾಂಗಲ್ಯದ ಮದುವೆ. ಕುವೆಂಪು ರೂಪಿಸಿದ ಪದ್ಧತಿ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಹುಡುಗ ಹುಡುಗಿ ಪ್ರಮಾಣ ಮಾಡಿದರೆ ಆಯಿತು. ನಮ್ಮಲ್ಲಿ 80 ಜನ. ಅನ್ನ, ಸಾರು, ಪಲ್ಯ, ಪಾಯಸ. ‘ಹುಡುಗೀಲಿ ಏನೋ ಐಬಿರಬೇಕು’ ಅಂತ ದೊಡ್ಡಪ್ಪನ ಮನೆಯಲ್ಲಿ ಮಾತಾಯಿತು. ಅಮ್ಮ ಎರಡು ದಿನ ಅತ್ತರು. ನನಗೂ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಮಳೆಗಾಲ ಬಂತು, ಅಡಿಕೆಗೆ ಕೊಳೆರೋಗ ಬಂತು, ನಮ್ಮ ಮದುವೆ ಎಲ್ಲರಿಗೂ ಮರೆತೇ ಹೋಯಿತು.

ದಾವಣಗೆರೆಯಿಂದ: ನೆಂಟರ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿ ಎರಡು ವರ್ಷ. ನಿದ್ದೆ ಚೆನ್ನಾಗಿ ಬರುತ್ತಿದೆ.

ತುಮಕೂರಿನಿಂದ: ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಏಳು ಬಾಡಿಗೆ ಮನೆ ಬದಲಿಸಿ ಬೆಳೆದವಳು ನಾನು. ಓನರ್ ‘ಖಾಲಿ ಮಾಡಿ’ ಅಂದ ರಾತ್ರಿ ಅಮ್ಮನ ಮುಖ ಹೇಗಿತ್ತು ಅಂತ ಈಗಲೂ ನೆನಪಿದೆ. ಸ್ವಂತ ಮನೆಯ ಆಸೆಯನ್ನೆಲ್ಲ ಶೋಕಿ ಅನ್ನಬೇಡಿ. ಬೇಕಿದ್ದರೆ ಕಟ್ಟಿ, ನಾಚಿಕೆ ಯಾಕೆ? ಯಾರೂ ನೋಡಲು ಬರದಿದ್ದರೂ ಇದು ನನಗೆ ಬೇಕಾ ಅಂತ ಮಾತ್ರ ಒಮ್ಮೆ ಕೇಳಿಕೊಳ್ಳಿ. ನಾನು ಹಾಗೆ ಕೇಳಿಕೊಂಡ ಮೇಲೆ ಪ್ಲಾನಿನಲ್ಲಿದ್ದ ಮೇಲಿನ ಮಹಡಿ ಬಿಟ್ಟೆ, ಎದುರಿನ ಗ್ರಾನೈಟ್ ಕಂಬಗಳೂ ಹೋದವು. 20ಕ್ಕೆ 30 ಅಡಿ ಸೈಟಿನಲ್ಲಿ ಎರಡು ರೂಮು, ಒಂದು ಕರಿಬೇವಿನ ಗಿಡ. ‘ಇಷ್ಟೇನಾ?’ ಅಂದವರೂ ಇದ್ದಾರೆ. ಅವರಿಗೂ ಕಾಫಿ ಕೊಟ್ಟು ಕಳಿಸಿದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಯಲಹಂಕದಲ್ಲಿ ಇನ್ನೊಂದು ಗೃಹಪ್ರವೇಶ. ಅದೇ ಪ್ರಶ್ನೆ ಬಂದೇ ಬರುತ್ತದೆ. ‘ಹೂಂ, ಇನ್ನೂ ಬಾಡಿಗೆ’ ಅಂದು ಊಟಕ್ಕೆ ಕೂರೋಣ ಅಂತಿದ್ದೇನೆ. ಮೊದಲ ಪಂಕ್ತಿಗೇ. ಹೋಳಿಗೆ ಇದೆಯಂತೆ.