ಸೇಲಂನ ಕಲ್ಲುಬೆಂಚು: ಅಕ್ಕ ಕೇಳಿದ್ದಕ್ಕೆ

ಅಕ್ಕಾ, ಸ್ವಲ್ಪ ಉದ್ದ ಆಗತ್ತೆ, ಅಡುಗೆ ಮಾಡ್ತಾ ಕೇಳು. ಸೇಲಂನಿಂದ ಕಲ್ಲುಬೆಂಚಿನ ಫೋಟೋ ಹಾಕಿದೀಯಲ್ಲ, ಜಾನ್ ಪ್ರಾಕ್ಟರ್, 1692 ಅಂತ ಬರೆದಿರೋದು. (ತಮಿಳುನಾಡಿನ ಸೇಲಂ ಅಲ್ಲ, ಅಮೆರಿಕದ್ದು.) ಮಾಟ ಮಾಡಿದ ಅಂತ ಇವನನ್ನ ಸುಟ್ರಾ, ಗಂಡಸರನ್ನೂ ಹಿಡೀತಿದ್ರಾ ಅಂತ ಕೇಳಿದೆಯಲ್ಲ. ಸುಡಲಿಲ್ಲ. ಇಂಗ್ಲಿಷರ ಕಾನೂನಲ್ಲಿ ಮಾಟಕ್ಕೆ ನೇಣು. ಆ ವರ್ಷ ಅಲ್ಲಿ 19 ಜನರನ್ನ ನೇಣಿಗೆ ಹಾಕಿದ್ರು, ಅದರಲ್ಲಿ 5 ಗಂಡಸರು.

ಪ್ರಾಕ್ಟರ್ 60ರ ಆಸುಪಾಸಿನ ಅನುಕೂಲಸ್ಥ ರೈತ. ಮನೆಗೆಲಸದ ಹುಡುಗಿ ಮೇರಿ ವಾರೆನ್ ಮೈಮೇಲೆ ಬಂದ ಹಾಗೆ ಆಡಿದಾಗ, ನೂಲೋಕೆ ಚರಕದ ಮುಂದೆ ಕೂರಿಸಿ, ಇನ್ನೊಮ್ಮೆ ಆಡಿದ್ರೆ ಹೊಡೀತೀನಿ ಅಂದ. ಆಗ ನಿಂತಿತ್ತು ಅದು. ಏಪ್ರಿಲ್ 11ಕ್ಕೆ ಹೆಂಡತಿ ಎಲಿಜಬೆತ್ ವಿಚಾರಣೆ. ಜೊತೆಗೆ ಹೋದವನ ಮೇಲೂ, ಮಾಟ ಆಗಿದೆ ಅಂತ ದೂರು ಕೊಡ್ತಿದ್ದ ಹುಡುಗಿಯರು ಕೂಗಿದ್ರು, ಅವನೂ ಜೈಲಿಗೆ.

ಕೆಟ್ಟಿದ್ದು ಎಲ್ಲಿ ಅಂದ್ರೆ ಸಾಕ್ಷಿಯಲ್ಲಿ. "ಇವನ ಆಕಾರ ಬಂದು ನನ್ನ ಚಿವುಟಿತು" ಅಂದ್ರೆ ಕೋರ್ಟು ಒಪ್ತಿತ್ತು. ಆಕಾರ ಅಂದ್ರೆ ದೇಹ ಬಿಟ್ಟು ಓಡಾಡೋ ನೆರಳಿನ ಥರದ್ದು, ಅದು ಕಾಣೋದು ದೂರು ಕೊಟ್ಟವರಿಗೆ ಮಾತ್ರ! ಇವನು ಮನೇಲಿ ಮಲಗಿದ್ದ ಅಂತ ಹತ್ತು ಜನ ಹೇಳಿದ್ರೂ ಉಪಯೋಗ ಇಲ್ಲ, ದೇಹ ಬರಲೇಬೇಕಿರಲಿಲ್ಲವಲ್ಲ. ಇನ್ನೊಂದು, ತಪ್ಪೊಪ್ಪಿಗೆ. ಒಪ್ಪಿಕೊಂಡು ಆ ಮಾತಿಗೇ ನಿಂತವರು ಯಾರೂ ನೇಣಿಗೆ ಹೋಗಲಿಲ್ಲ, ಇಲ್ಲ ಅಂದವರೇ ಹೋಗಿದ್ದು.

ಪ್ರಾಕ್ಟರ್ ಇದನ್ನ ಸರಿಯಾಗಿ ಹಿಡಿದಿದ್ದ. ಜುಲೈ 23ಕ್ಕೆ ಜೈಲಿಂದ ಬಾಸ್ಟನ್ನಿನ ಪಾದ್ರಿಗಳಿಗೆ ಕಾಗದ ಬರೆದ: ಕುತ್ತಿಗೆಗೂ ಹಿಮ್ಮಡಿಗೂ ಸೇರಿಸಿ ಕಟ್ಟಿ ತಪ್ಪು ಒಪ್ಪಿಸ್ತಿದಾರೆ, ನನ್ನ ಮಗ ವಿಲಿಯಂಗೆ ಮೂಗಲ್ಲಿ ರಕ್ತ ಬರೋವರೆಗೂ ಕಟ್ಟಿದ್ರು, ವಿಚಾರಣೆ ಬಾಸ್ಟನ್ನಿಗೆ ಹಾಕಿ, ಆಗದಿದ್ರೆ ನ್ಯಾಯಾಧೀಶರನ್ನಾದ್ರೂ ಬದಲಿಸಿ. ಎರಡೂ ಆಗಲಿಲ್ಲ. ಊರವರು ಸಹಿ ಹಾಕಿ ಕೊಟ್ಟ ಅರ್ಜಿಗೂ ಬೆಲೆ ಸಿಗಲಿಲ್ಲ. ಆಗಸ್ಟ್ 19ಕ್ಕೆ ನೇಣು.

ಅವನ ಆಸ್ತಿ ಜಪ್ತಿ ಮಾತ್ರ ತೀರ್ಪಿಗೂ ಮೊದಲೇ! ಷರೀಫ್, ಅಂದ್ರೆ ಕೋರ್ಟಿನ ಆದೇಶ ಜಾರಿ ಮಾಡೋ ಅಧಿಕಾರಿ, ದನಕರು ಹೊಡ್ಕೊಂಡು ಹೋದ, ಪೀಪಾಯಿ ಬೇಕು ಅಂತ ಬಿಯರ್ ಚೆಲ್ಲಿದ, ಪಾತ್ರೆ ಬೇಕು ಅಂತ ಅದರಲ್ಲಿದ್ದ ಸಾರನ್ನೂ. ಮನೇಲಿದ್ದಿದ್ದು ಮಕ್ಕಳು. ನನ್ನ ಕೇಳಿದ್ರೆ ಆ ಇಡೀ ವರ್ಷದ ಬುದ್ಧಿ ಆ ಸಾರಿನ ಪಾತ್ರೆಯಲ್ಲೇ ಇದೆ.

ಎಲಿಜಬೆತ್ ಬಸುರಿ, ಹಾಗಾಗಿ ಶಿಕ್ಷೆ ಮುಂದೂಡಿದ್ರು. ಹೆರಿಗೆ ಆಗೋದ್ರೊಳಗೆ, ಅಕ್ಟೋಬರಿನಲ್ಲೇ, ಗವರ್ನರ್ ಫಿಪ್ಸ್ ಆ ಕೋರ್ಟನ್ನೇ ಮುಚ್ಚಿದ, ಅವಳು ಉಳಿದಳು. 1711ರಲ್ಲಿ ಪ್ರಾಕ್ಟರನ ಶಿಕ್ಷೆ ರದ್ದು, ಕುಟುಂಬಕ್ಕೆ 150 ಪೌಂಡ್ ಪರಿಹಾರ.

ನೀನು ನೋಡಿದ್ದು 1992ರ ಸ್ಮಾರಕ, ನೇಣು ಹಾಕಿದ ಜಾಗ ಅದಲ್ಲ. ನೇಣು ಹಾಕಿದ್ದು ಪೋಪ್ ಸ್ಟ್ರೀಟಿನ ಹತ್ತಿರ, ಪ್ರಾಕ್ಟರ್ಸ್ ಲೆಜ್ ಅಂತ. 2016ರಲ್ಲಿ ಖಚಿತಪಡಿಸಿದ್ರು. ಸುತ್ತ ಜನ ವಾಸ ಇರೋ ಮನೆಗಳೇ, ಕಾರು ದೂರ ನಿಲ್ಲಿಸಿ ನಡ್ಕೊಂಡು ಹೋಗು.