ಎಣ್ಣೆ ಮೆತ್ತಿದ ಹೊಟ್ಟು, ಬಟ್ಟೆ ಗುಜರಿಗೆ ಕೊಡಬಹುದಾ?

ಲೇತ್_ಹುಡುಗ:
ಪೀಣ್ಯದಲ್ಲಿ ನಮ್ಮದು ಚಿಕ್ಕ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಯಂತ್ರಗಳ) ಶಾಪು. ಮೊನ್ನೆ ಹೈಡ್ರಾಲಿಕ್ ಹೋಸ್ ಒಡೆದು ಸುಮಾರು 40 ಲೀಟರ್ ಎಣ್ಣೆ ನೆಲಕ್ಕೆ ಚೆಲ್ಲಿತು. ಹುಡುಗರು ಮರದ ಹೊಟ್ಟು ಸುರಿದು ಗುಡಿಸಿ, ಉಳಿದದ್ದಕ್ಕೆ ಪೈಪ್ ಹಿಡಿದು ನೀರು ಬಿಡಲು ಹೊರಟಿದ್ದರು, ಓಡಿಹೋಗಿ ತಡೆದೆ. ಈಗ ಮೂರು ಚೀಲ ಹೊಟ್ಟು, ಬಟ್ಟೆ ಮೂಲೆಯಲ್ಲಿದೆ. ಹಳೇ ಎಣ್ಣೆ ಜೊತೆ ಇದನ್ನೂ ಒಯ್ಯುತ್ತೇನೆ ಅನ್ನುತ್ತಾನೆ ಗುಜರಿಯವನು.

ಸೇಫ್ಟಿ_ಮೇಷ್ಟ್ರು:
ಕೊಡಬೇಡಿ! 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಎಣ್ಣೆಯ ಸಂಖ್ಯೆ 5.1, ಎಣ್ಣೆ ಹೀರಿದ ಹೊಟ್ಟು-ಬಟ್ಟೆ 5.2. ಎರಡನ್ನೂ ಬೇರೆ ಬೇರೆ ಇಡಬೇಕು. ಎಣ್ಣೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ರೀಸೈಕ್ಲರ್‌ಗೆ ಹೋಗಲಿ, ಚೀಲಗಳು ಸುಡುವ ಘಟಕಕ್ಕೆ. ಸಾಗಿಸುವಾಗ ಫಾರ್ಮ್ 10 ಮ್ಯಾನಿಫೆಸ್ಟ್ (ತ್ಯಾಜ್ಯ ಯಾರಿಂದ ಯಾರಿಗೆ ಹೋಯಿತೆಂಬ ಸಾಗಣೆ ಪತ್ರ) ಬೇಕೇ ಬೇಕು, ಗುಜರಿಯವನು ಅದೆಲ್ಲಿಂದ ತಂದಾನು? ಅವನು ಎಲ್ಲೋ ರಾಜಕಾಲುವೆ ಪಕ್ಕ ಸುರಿದರೂ ಕೊಟ್ಟವರು ನೀವೇ ಅಲ್ವಾ. ನೀರು ಬಿಡದಂತೆ ತಡೆದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಎಣ್ಣೆಯೆಲ್ಲ ಮೋರಿಗೆ ಸೇರುತ್ತಿತ್ತು.

ಲೇತ್_ಹುಡುಗ:
ಮೂರೇ ಚೀಲಕ್ಕೆ ಯಾರು ಗಾಡಿ ಕಳಿಸುತ್ತಾರೆ ಸಾರ್?

ಸ್ಟೋರ್ಸ್_ಅಕ್ಕ:
ನಮಗೂ ಇದೇ ತಲೆನೋವಿತ್ತು. ಸಾಮಾನ್ಯವಾಗಿ 90 ದಿನ ಇಟ್ಟುಕೊಳ್ಳಬಹುದು, ಅಷ್ಟರಲ್ಲಿ ಅಕ್ಕಪಕ್ಕದ ಶಾಪುಗಳ ಜೊತೆ ಮಾತಾಡಿ ಒಂದೇ ದಿನ ಗಾಡಿ ಕರೆಸಿ. ಆದರೆ ಮ್ಯಾನಿಫೆಸ್ಟ್ ಅವರವರದೇ. ಅಲ್ಲಿಯವರೆಗೆ ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿ, ಫಾರ್ಮ್ 8ರ ಲೇಬಲ್ ಅಂಟಿಸಿ, ಮಳೆ ಬೀಳದ ಕಡೆ ಇಡಿ. ಫಾರ್ಮ್ 3ರಲ್ಲಿ, ಅಂದರೆ ತ್ಯಾಜ್ಯದ ದಾಖಲೆಯಲ್ಲಿ, ತೂಕ ಬರೆದಿಡಿ. ಜೂನ್ 30ರೊಳಗೆ ಫಾರ್ಮ್ 4 (ಮಂಡಳಿಗೆ ಕೊಡುವ ವಾರ್ಷಿಕ ಲೆಕ್ಕ) ಕೊಡುವಾಗ ಸುಮ್ನೆ ಅಂದಾಜಿನಲ್ಲಿ ಬರೆಯೋದು ತಪ್ಪುತ್ತದೆ. ಅಂದಹಾಗೆ, ಒಡೆದ ಹೋಸ್ ಹಾಕಿ ಎಷ್ಟು ವರ್ಷವಾಗಿತ್ತು?